ಕಿವಿಗುರುತು

ಜನಗಣತಿಯವನು ಹತ್ತು ವರ್ಷಕ್ಕೊಮ್ಮೆ
ಏದುಸಿರು ಬಿಡುತ್ತ ಕೆವನ್‌ದೀ ದಿಬ್ಬ ಹತ್ತಿ ಬಂದು
ಅಡುಗೆಮನೆಯ ಮೇಜಿನ ಮೇಲೆ ಮಸಿಕುಡಿಕೆ ಇಟ್ಟು
ಕೇಳುತ್ತಿದ್ದ: ಯಜಮಾನ ಯಾರು?
ಉಳಿದವರೆಲ್ಲ ಆಮೇಲೆ, ಅವನಿಗೆ ಏನಾಗಬೇಕೋ ಅದು.

ಕೆಟೂರಾ ಪ್ಯೂ, ಮೂರು ವರ್ಷ, ಮಗಳು.
ಕೆಟೂರಾ ಪ್ಯೂ, ಹದಿಮೂರು, ಮಗಳು.
ಅಪ್ಪ ಸತ್ತು ಎಲಿಹುವಿನ ಹೆಸರು ಮೊದಲ ಸಾಲಿಗೆ ಬಂದಾಗ
ತಂಗಿ. ಮತ್ತೆ ಹತ್ತು ವರ್ಷ, ಇನ್ನೂ ತಂಗಿ.
ಎಲಿಹುವಿನ ಮಗ ಯಜಮಾನನಾದಾಗ ಅತ್ತೆ.
ಅದೇ ಬಾವಿ, ಅದೇ ಬೆಣ್ಣೆ ಕಡೆಯುವ ಪೀಪಾಯಿ.
ಹೆಂಗಸು ಅಲ್ಲೇ ಇದ್ದಳು, ನಂಟು ಮಾತ್ರ
ಒಬ್ಬ ಗಂಡಸಿನಿಂದ ಇನ್ನೊಬ್ಬನಿಗೆ ಸರಿಯುತ್ತ ಹೋಯಿತು.
ಕಸುಬು ಎಂಬಲ್ಲಿ ಅಡ್ಡಗೆರೆ.
ಆ ಗೆರೆ ಎಳೆದವನಿಗೆ ದಣಿವಾರಲೆಂದು
ಅವಳೇ ಮಜ್ಜಿಗೆ ಕೊಟ್ಟಿರಬೇಕು.

ನಮ್ಮ ವೇಲ್ಸ್ ಮಾತಿನಲ್ಲಿ ಮದುವೆಯಾಗದೆ ಉಳಿದವಳಿಗೆ
ಹೆನ್ ವೆರ್ಖ್ ಅನ್ನುತ್ತೇವೆ.
ಮುದಿ ಮಗಳು.
ಎಪ್ಪತ್ತಾದರೂ ಮಗಳೇ. ಯಾರ ಮಗಳು ಅಂತ
ಪಾಚಿ ಕೆರೆದು ಕಲ್ಲನ್ನೇ ಕೇಳಬೇಕು.

ತೊಂಬತ್ತೊಂದರ ಪುಟದಲ್ಲಿ ಅವಳಿಲ್ಲ.
ಎರಡು ಚಳಿಗಾಲ ಹುಡುಕಿದೆ. ಸತ್ತವರ ನಡುವೆ,
ಹುಚ್ಚಾಸ್ಪತ್ರೆಯ ದಾಖಲೆಯಲ್ಲಿ, ಹಡಗು ಹತ್ತಿದವರ ಪಟ್ಟಿಯಲ್ಲಿ.
ಕೊನೆಗೆ ಸಿಕ್ಕಳು, ಲಂಡನ್ನಿನ ಹಾಲಿನಂಗಡಿಯೊಂದರಲ್ಲಿ,
ಕಾಗುಣಿತ ಕೆಟ್ಟು: ಕಟೋರಾ ಪಗ್. ಇಪ್ಪತ್ಮೂರು.
ಹಾಲು ಮಾರುವವಳು.
ಗೆರೆಯಿಲ್ಲ!
ಅದೇ ಸೂರಿನಡಿ ಇಥೆಲ್ ಪ್ರಾಸರ್, ಇಪ್ಪತ್ತಾರು, ಕೈಗಾಡಿ ತಳ್ಳುವವನು.
ಒಂದಿಡೀ ಸಂಜೆ ಅವರಿಬ್ಬರಿಗೆ ಮದುವೆ ಮಾಡಿಸಿದೆ,
ಎರಡು ಮಕ್ಕಳನ್ನೂ ಕೊಟ್ಟೆ.
ಆಮೇಲೆ ನಾಚಿಕೆಯಾಯಿತು. ಒಂದೇ ಹಾಳೆಯಲ್ಲಿ ಇದ್ದರೆಂದು
ಗಂಟುಹಾಕಲು ನಾನು ಯಾರು?
ಅವನ ಬಾಯಿ ನಾರುತ್ತಿದ್ದಿರಬಹುದು.
ಅವಳಿಗೆ ಬೇಕಿದ್ದದ್ದು ಬೀದಿದೀಪ, ವಾರದ ಕೂಲಿ,
ಬಾಗಿಲಿಗೆ ಒಳಗಿನ ಚಿಲಕವಿದ್ದ ಕೋಣೆ ಇರಬಹುದು.

ತೊಂಬತ್ತೆಂಟರ ನವೆಂಬರ್, ಚಾಪೆಲ್ಲಿನ ಪುಸ್ತಕ:
ಎಲಿಹು ಪ್ಯೂನ ಹೆಂಡತಿ, ಬಾಣಂತಿ, ಕೂಸಿನ ಜೊತೆಗೇ ಮಣ್ಣಿಗೆ.
ಹಿಂದೆ ಉಳಿದವು ಮೂರು ಮಕ್ಕಳು.
ಬಾ ಎಂದು ಕರೆದ ಕಾಗದ ನನಗೆ ಸಿಕ್ಕಿಲ್ಲ.
ಕರೆಯಬೇಕೆಂದು ಯಾರಿಗೂ ತೋಚಿರಲಿಕ್ಕಿಲ್ಲ.

ಇಷ್ಟಕ್ಕೆ ಮುಗಿಸುವವಳಿದ್ದೆ. ಆದರೆ ಕುರಿಪುಸ್ತಕವಿತ್ತು.
ಊರಿನ ಕುರಿಗಳೆಲ್ಲ ಒಂದೇ ಬೆಟ್ಟದಲ್ಲಿ ಮೇಯುವಾಗ
ಯಾವುದು ಯಾರದೆಂದು ಕಿವಿ ಕತ್ತರಿಸಿ ಬರೆದಿಡುವ ಪುಸ್ತಕ.
ಸಾವಿರದ ಎಂಟುನೂರ ತೊಂಬತ್ತೊಂಬತ್ತು,
ಎಲಿಹುವಿನ ಸಾಲಿನ ಕೆಳಗೆ, ಬೇರೆಯದೇ ಸಾಲು:
ಎಡಗಿವಿಯ ತುದಿ ನೇರಕ್ಕೆ, ಬಲಗಿವಿಗೆ ಕೆಳಗಿನಿಂದ ಕವಲು.
ಕೆ. ಪ್ಯೂ. ಹನ್ನೆರಡು ಹೆಣ್ಣುಕುರಿ.

ಹಾಲು ಮಾರಿದ ದುಡ್ಡು.
ಯಾರ ಮಗಳೂ ಅಲ್ಲ ಇಲ್ಲಿ, ಯಾರ ತಂಗಿಯೂ ಅಲ್ಲ.

ನಲವತ್ತೇಳರ ಹಿಮದಲ್ಲಿ ಅವಳು ತೀರಿಕೊಂಡಾಗ
ನೆಲ ಗುದ್ದಲಿಯನ್ನು ಒಳಗೆ ಬಿಡಲಿಲ್ಲವಂತೆ.
ಒಂಬತ್ತು ದಿನ ಹಾಲಿನ ಕೋಣೆಯ ಕಲ್ಲುಹಾಸಿನ ಮೇಲೆ,
ಬೆಣ್ಣೆ ಇಡುತ್ತಿದ್ದ ಜಾಗದಲ್ಲಿ ಮಲಗಿಸಿದ್ದರು.
ಗಂಡಸರು ಕೋಲು ಚುಚ್ಚಿ ಹಿಮದಡಿಯ ಕುರಿ ಹುಡುಕುತ್ತಿದ್ದರು.
ಎಷ್ಟು ಬದುಕಿದವು, ಯಾವ ಕಿವಿಯವು, ಯಾರೂ ಬರೆದಿಟ್ಟಿಲ್ಲ.

ಈಗ ಎಲ್ಲಕ್ಕೂ ಹಳದಿ ಪ್ಲಾಸ್ಟಿಕ್ ಬಿಲ್ಲೆ, ಸರ್ಕಾರದ ನಂಬರು.
ಆದರೂ ಮೇ ತಿಂಗಳಲ್ಲಿ ಅಪ್ಪ ಹಳೇ ಕತ್ತರಿ ಮಸೆಯುತ್ತಾನೆ.
ಮರಿಯನ್ನು ನಾನು ಹಿಡಿದುಕೊಳ್ಳುತ್ತೇನೆ, ಬೆನ್ನು ನನ್ನ ಹೊಟ್ಟೆಗೆ,
ನಾಲ್ಕು ಕಾಲು ಎರಡು ಮುಷ್ಟಿಯಲ್ಲಿ.
ಎಡಕ್ಕೆ ನೇರ. ಬಲಕ್ಕೆ ಕವಲು.
'ನನ್ನ ತಾತನ ಗುರುತು ಇದು,' ಅನ್ನುತ್ತಾನೆ ಪ್ರತಿ ವರ್ಷದಂತೆ.

ನನಗೆ ನಲವತ್ತೊಂದು. ಅಪ್ಪನ ಫಾರಮ್ಮುಗಳನ್ನು ತುಂಬುವವಳು ನಾನೇ.

'ತಾತನದಲ್ಲ,' ಎಂದೆ.
ಮರಿ ಒದ್ದುಕೊಂಡಿತು. ಕಿವಿಯ ರಕ್ತ ಹೆಬ್ಬೆರಳಿಗೆ ಬೆಚ್ಚಗೆ.
'ಏನಂದೆ?' ಅಂದ ಅಪ್ಪ, ಗಾಳಿಗೆ ಕೈ ಅಡ್ಡ ಹಿಡಿದು,
'ಇನ್ನೊಂದು ಕೊಡು.'